ಬೀಗತಿಯ ಕೈಯಲ್ಲಿ ಬಾಬಣ್ಣನ ಫೋನು

ಗದಗ-ಬೆಟಗೇರಿಯಿಂದ ಮುಂಡರಗಿಗೆ ಹೋಗುವ ರಸ್ತೆಯಲ್ಲಿ ಬಾಬಣ್ಣನ ಕ್ರೂಸರ್ ಗಾಡಿ ಎಲ್ಲರಿಗೂ ಗೊತ್ತು. ಆದರೆ ಗಾಡಿಗಿಂತ ಒಂದು ಕೈ ಹೆಚ್ಚು ಗೊತ್ತಿರುವುದು ಅವನ ಫೋನು. ಡಂಬಳದ ಹೋಟೆಲಿನಲ್ಲಿ ಕುಳಿತು ಮಿರ್ಚಿ ತಿನ್ನುತ್ತಿರುವವನೊಬ್ಬ "ಬಾಬಣ್ಣಾ, ಎಲ್ಲಿದ್ದಿ?" ಎಂದು ಕೇಳಿದರೆ ಸಾಕು, ಇವನು ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, "ಬಂದೆ ಬಂದೆ, ನೀ ಇನ್ನೊಂದ ಮಿರ್ಚಿ ಮುಗಸೂದ್ರಾಗ ಬಂದೆ" ಎನ್ನುವನು. ಆಗ ಗಾಡಿ ಗದಗಿನ ಸ್ಟ್ಯಾಂಡಿನಿಂದ ಹೊರಬಿದ್ದು ಇನ್ನೂ ಊರನ್ನೇ ದಾಟಿರುವುದಿಲ್ಲ.

ಸೀಟು ಹಿಡಿಯುವವರು, ಸೀರೆಯ ಗಂಟು ಕಳಿಸುವವರು, ಔಷಧ ತರಿಸುವವರು, ಬೇಸರ ಕಳೆಯಲು ಸುಮ್ಮನೆ ಮಾತಾಡುವವರು, ಎಲ್ಲರೂ ಅವನಿಗೇ ಫೋನು ಮಾಡುವರು. ಅವನೂ ಯಾರಿಗೂ ಇಲ್ಲವೆನ್ನದೆ ಎಲ್ಲರ ಫೋನೂ ಎತ್ತುವನು. ಎದುರಿಗೆ ಲಾರಿ ಬಂದರೆ ಮಾತ್ರ "ಒಂದ ಮಿನಿಟ ತಡಿ" ಎಂದು ಫೋನನ್ನು ತೊಡೆಯ ಮೇಲಿಟ್ಟು, ಲಾರಿಯನ್ನು ದಾಟಿಸಿ, "ಹಾಂ, ಈಗ ಹೇಳು" ಎಂದು ಮತ್ತೆ ಕಿವಿಗಿಟ್ಟುಕೊಳ್ಳುವನು. ಲಾರಿಗಾದರೂ ಇಷ್ಟು ಮರ್ಯಾದೆ ಕೊಡುತ್ತಾನಲ್ಲ ಪುಣ್ಯಾತ್ಮ ಎಂದು ಹಿಂದೆ ಕುಳಿತವರು ಉಸಿರು ಬಿಡುವರು.

ಯಾರಾದರೂ ಧೈರ್ಯ ಮಾಡಿ ಇದು ತಪ್ಪಲ್ಲವೇನು ಎಂದು ಕೇಳಿದರೆ ಅವನ ಬಳಿ ಉತ್ತರ ಸಿದ್ಧವಿತ್ತು. ಬಾಬಣ್ಣ ಬೆಟಗೇರಿಯ ಹುಟ್ಟು ನೇಕಾರ. ಅವನ ಮನೆಯ ಪಡಸಾಲೆಯಲ್ಲಿ ಈಗಲೂ ಕುಣಿಮಗ್ಗ ಉಂಟು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಅರ್ಧ ಆಯುಷ್ಯ ಅವನು ಆ ಕುಣಿಯಲ್ಲೇ ಕಳೆದವನು. ಅವನು ಗಾಡಿ ಹಿಡಿದ ಮೇಲೆ ಹೆಂಡತಿ ಲಕ್ಷ್ಮೀದೇವಿ ಅಲ್ಲಿ ಕೂತು ನೇಯುತ್ತಾಳೆ.

"ನೇಕಾರ ಅಂದ್ರ ಏನ ತಿಳದೀರ್ರಿ?" ಎಂದು ಬಾಬಣ್ಣ ಹಿಂದೆ ತಿರುಗಿಯೇ ಕೇಳುವನು. "ಕಾಲು ಕೆಳಗ ತುಳೀತಿರ್ತಾವ. ಒಂದ ಕೈ ಲಾಳಿ ಓಡಸ್ತೈತಿ, ಒಂದ ಕೈ ನೂಲ ಕೂಡಸಾಕ ಹಲಗಿ ಬಡೀತೈತಿ. ಕಣ್ಣು ಎಳಿ ಮ್ಯಾಲ, ಬಾಯಿ ಓಣಿ ಖಬರಿನ ಮ್ಯಾಲ. ಇಷ್ಟೆಲ್ಲಾ ಒಮ್ಮೆಲೇ ಮಾಡಿ ಬೆಳದ ಮೈ ಇದು. ಇದಕ್ಕ ಫೋನ ಯಾವ ಲೆಕ್ಕ?"

"ಆತು ಬಿಡಪಾ, ಮೊದಲ ಮುಂದ ನೋಡು" ಎಂದು ಹಿಂದಿನವರೇ ಕೈ ಮುಗಿಯುವರು.

ಒಮ್ಮೆ ಹುಬ್ಬಳ್ಳಿಗೆ ಬಾಡಿಗೆ ಹೋದಾಗ ರಸ್ತೆಯ ಕ್ಯಾಮರಾ ಅವನನ್ನು ಫೋನಿನ ಸಮೇತ ಹಿಡಿದು ದಂಡದ ನೋಟೀಸನ್ನು ಮನೆಗೆ ಕಳಿಸಿತು. ಬೇರೆಯವರಾದರೆ ನಾಚಿಕೊಳ್ಳುತ್ತಿದ್ದರು. ಇವನು ಅದರ ಫೋಟೊವನ್ನು ಸ್ಟ್ಯಾಂಡಿನಲ್ಲೆಲ್ಲ ತೋರಿಸಿಕೊಂಡು ಬಂದ. "ಏನ ಚಂದ ಬಂದೈತಿ ನೋಡ್ಲೇ ಶಫೀಕ. ಮಗಳ ಮದುವಿ ಫೋಟೋದಾಗೂ ನಾ ಹಿಂಗ ಬಂದಿಲ್ಲ." ಶಫೀಕ ಅದೇ ಲೈನಿನಲ್ಲಿ ಇನ್ನೊಂದು ಗಾಡಿ ಹೊಡೆಯುವವನು, ಗೆಳೆಯನೂ ಹೌದು, ಪೈಪೋಟಿಯವನೂ ಹೌದು. "ನೀ ಚಂದ ಬಂದೀಯೋ ಮಾರಾಯಾ. ಆದ್ರ ನಿನ್ನ ಕಣ್ಣ ಎಲ್ಲಿ ನೋಡಾಕತ್ತಾವ ಹೇಳು, ರಸ್ತಾ ಅಂತೂ ಅಲ್ಲ" ಎಂದ. ಅಷ್ಟರಲ್ಲಿ ಫೋನು ಬಂತು, ಬಾಬಣ್ಣ ಅದನ್ನು ಕಿವಿಗಿಟ್ಟುಕೊಂಡ.

ಇಂಥ ಬಾಬಣ್ಣನಿಗೆ ಒಬ್ಬಳೇ ಮಗಳು, ಮೇಘಾ. ಮುಂಡರಗಿಗೆ ಕೊಟ್ಟಿದ್ದ. ಅಳಿಯ ಸುನಿಲಕುಮಾರನದು ಅಲ್ಲಿ ಮೊಬೈಲ್ ರಿಪೇರಿಯ ಅಂಗಡಿ. ಮಾವನಿಗೆ ಆ ದೊಡ್ಡ ಫೋನು ಕೊಡಿಸಿದವನೂ ಅವನೇ. ಅಳಿಯನ ತಾಯಿ ದೇವವ್ವ ಬೆಟಗೇರಿಯಲ್ಲೇ ಹುಟ್ಟಿ, ಮದುವೆಯಾಗುವ ತನಕ ತಂದೆಯ ಮಗ್ಗದಲ್ಲಿ ನೇಯ್ದು, ಆಮೇಲೆ ಮುಂಡರಗಿ ಸೇರಿದ ಹೆಂಗಸು. ಒಮ್ಮೆ ಹಬ್ಬ ಮುಗಿಸಿ ಊರಿಗೆ ಮರಳುವಾಗ ಅವಳು ಬಾಬಣ್ಣನ ಗಾಡಿಯಲ್ಲಿ ಮುಂದಿನ ಸೀಟಿಗೆ ಕುಳಿತಿದ್ದಳು. ಹೊರಟಾಗ ಮುಚ್ಚಿದ ಕಣ್ಣನ್ನು ಮುಂಡರಗಿ ಬಂದ ಮೇಲೇ ತೆರೆದಳು. ಬೀಗತಿ ದಾರಿಯುದ್ದಕ್ಕೂ ದೇವರ ನಾಮಸ್ಮರಣೆ ಮಾಡಿದಳೆಂದು ಬಾಬಣ್ಣನಿಗೆ ಬಹಳ ಸಂತೋಷವಾಗಿತ್ತು.

ಆ ನಾಮಸ್ಮರಣೆಯ ಅರ್ಥ ತಿಳಿದದ್ದು ಮುಂಡರಗಿಯಲ್ಲಿ ಮೇಘಾಳಿಗೆ ಕುಬಸ, ಅಂದರೆ ಸೀಮಂತ, ಮಾಡಿದ ದಿನ. ಏಳನೇ ತಿಂಗಳು ತುಂಬಿತ್ತು. ಲಕ್ಷ್ಮೀದೇವಿ ತಾನೇ ನೇಯ್ದ ಹಸಿರು ಸೀರೆಯನ್ನು ಮಗಳಿಗೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಮಡಿಲು ತುಂಬಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅದಕ್ಕೆ ಯಾರದೂ ಎರಡು ಮಾತಿಲ್ಲ. ಊಟ ಮುಗಿದ ಮೇಲೆ ಬಾಬಣ್ಣ ಎಲೆ ಅಡಿಕೆ ಹಾಕಿಕೊಂಡು, "ಬೀಗತ್ಯಾರ, ಇನ್ನ ಮಗಳನ್ನ ಕಳಸ್ರಿ, ಗಾಡಿ ಹೊರಗ ನಿಂತೈತಿ" ಎಂದ.

"ಕಳಸ್ತೀನ್ರಿ" ಎಂದಳು ದೇವವ್ವ. "ಆದ್ರ ನಿಮ್ಮ ಗಾಡ್ಯಾಗ ಕಳಸಂಗಿಲ್ಲ."

ಅಂಗಳದಲ್ಲಿ ಕುಳಿತ ಮಂದಿಯೆಲ್ಲ ಒಮ್ಮೆಲೇ ಕತ್ತು ತಿರುಗಿಸಿದರು. ಬಾಬಣ್ಣನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು. "ಯಾಕ್ರಿ? ನನ್ನ ಗಾಡಿಗೇನ ಆಗೇತಿ?"

"ಗಾಡಿಗೇನೂ ಆಗಿಲ್ರಿ, ಅದು ಬಂಗಾರದಂಥ ಗಾಡಿ. ಹೊಡಿಯೋರು ಬರೇ ಫೋನಿನಾಗ ಇರ್ತೀರಿ. ಬಸರಿ ಹೆಣಮಗಳನ್ನ ಹಂಗ ಕಳಸಾಕ ನನಗ ಧೈರ್ಯ ಇಲ್ಲ. ಶಫೀಕನ ಗಾಡಿ ಹೇಳ್ರಿ, ಇವತ್ತ ಬೇಕಾದ್ರ ಇವತ್ತ ಕಳಸ್ತೀನಿ."

ಶಫೀಕನ ಗಾಡಿ! ಬಾಬಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ತಂದೆಯ ಗಾಡಿ ಬಾಗಿಲ ಮುಂದೆ ನಿಂತಿರುವಾಗ ಮಗಳು ಮಂದಿ ಗಾಡಿಯಲ್ಲಿ ತವರಿಗೆ ಬಂದಿಳಿದರೆ ಬೆಟಗೇರಿಯ ಓಣಿಯಲ್ಲಿ ಮಾರಿ ಹೇಗೆ ತೋರಿಸುವುದು? ಅಳಿಯ ಮಧ್ಯೆ ಬಾಯಿ ಹಾಕಿ, "ಮಾವಗ ಕಿವ್ಯಾಗ ಸಿಗಸ್ಕೊಳ್ಳೂದ ಕೊಡ್ತೀನಿ ಬೇ, ಕೈಯಾಗ ಹಿಡಿಯೂದ ಬ್ಯಾಡ" ಎಂದ. "ನೀ ಸುಮ್ಕಿರು, ಅಂಗಡ್ಯಾವ" ಎಂದು ದೇವವ್ವ ಮಗನ ಬಾಯಿ ಮುಚ್ಚಿಸಿದಳು.

ಬಾಬಣ್ಣ ಕೊನೆಗೆ ಮಗಳ ಕಡೆಗೆ ತಿರುಗಿದ. "ನೀ ಹೇಳವಾ ಮೇಘಾ. ನಿಮ್ಮಪ್ಪನ ಗಾಡ್ಯಾಗ ಬರಾಕ ನಿನಗ ಅಂಜಿಕಿ ಐತೇನು?"

ಮೇಘಾ ಬಳೆಗಳನ್ನು ನೋಡುತ್ತ ಕುಳಿತಿದ್ದಳು. "ಸಣ್ಣಾಕಿದ್ದಾಗಿಂದ ಐತಪಾ" ಎಂದಳು.

ಆ ಮಾತು ಅವನಿಗೆ ನೇರವಾಗಿ ಎದೆಗೆ ಬಿತ್ತು. ಬೀಗತಿಯ ಮೇಲೆ ಸಿಟ್ಟಾಗಬಹುದು, ಜಗಳ ತೆಗೆಯಬಹುದು. ಮಗಳ ಮೇಲೆ ಏನು ಮಾಡುವುದು? ಅವನು ಎದ್ದು ಹೊರಗೆ ಹೋಗಿ ಗಾಡಿಯ ಟೈರಿಗೆ ಸುಮ್ಮಸುಮ್ಮನೆ ಎರಡು ಬಾರಿ ಒದ್ದು ಬಂದ. ಬಂದವನ ಮುಖ ನೋಡಿ ದೇವವ್ವನಿಗೇ ಕರುಣೆ ಬಂದಿತೋ ಏನೋ. "ಹಂಗಾರ ಒಂದ ಕೆಲಸ ಮಾಡೂಣ್ರಿ. ನಾಳೆ ನಿಮ್ಮ ಗಾಡ್ಯಾಗ ಗದಗ ತನಕ ನಾ ಬರ್ತೀನಿ. ಫೋನು ನನ್ನ ಕೈಯಾಗ ಇರ್ಲಿ. ನೀವು ಅದನ್ನ ಮುಟ್ಟದಂಗ ಹೋಗಿ ಬಂದ್ರ ಮೇಘಾ ನಿಮ್ಮ ಗಾಡಿ ಹತ್ತತಾಳ. ಮುಟ್ಟಿದ್ರ ಶಫೀಕ."

"ಇಷ್ಟ ಹೌದಲ್ರಿ?" ಎಂದು ಬಾಬಣ್ಣ ಎದೆ ಉಬ್ಬಿಸಿದ. ಇದೂ ಒಂದು ಪರೀಕ್ಷೆಯೇ?

ಅಂದು ರಾತ್ರಿ ಲಕ್ಷ್ಮೀದೇವಿಯನ್ನು ಬೆಟಗೇರಿಗೆ ಬಿಟ್ಟು, ಬಾಬಣ್ಣ ಮರುದಿನ ಮುಂಜಾನೆ ಮುಂಡರಗಿಗೆ ಮರಳಿದ. ದೇವವ್ವ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಸೀಟಿನಲ್ಲಿ ತಳವೂರಿ, ಬಾಬಣ್ಣನ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ಹಿಂದೆ ಗಾಡಿ ತುಂಬ ಮಂದಿ. ಅವರಲ್ಲಿ ಪದ್ಮಜಾ ಅಕ್ಕೋರೂ ಇದ್ದರು. ಮುಂಡರಗಿಯ ಶಾಲೆಯಲ್ಲಿ ಕಲಿಸುವವರು, ಅಂದು ಗದಗಿಗೆ ಟ್ರೇನಿಂಗಿಗೆ ಹೊರಟಿದ್ದರು. ಗಾಡಿ ಊರು ದಾಟುವುದರೊಳಗೆ ಫೋನು ಒದರಿತು. ಬಾಬಣ್ಣನ ಎಡಗೈ ತನ್ನಷ್ಟಕ್ಕೆ ತಾನೇ ಸ್ಟೇರಿಂಗು ಬಿಟ್ಟು ಮೇಲೆದ್ದಿತು. ದೇವವ್ವ ಅದರ ಮೇಲೆ ಪಟ್ಟನೆ ಒಂದು ಏಟು ಹಾಕಿ ಫೋನು ಎತ್ತಿದಳು.

"ಬಾಬಣ್ಣಾ, ಎಲ್ಲಿದ್ದಿ?" ಎಂದಿತು ಒಂದು ಗಂಡಸಿನ ಧ್ವನಿ.

"ಬೀಗ್ರು ಗಾಡಿ ಹೊಡ್ಯಾಕತ್ತಾರ. ನಾ ಬೀಗತಿ. ಏನ ಕೆಲಸ ಹೇಳು."

"ಕೆಲಸ ಏನಿಲ್ರಿ, ಸುಮ್ನ ಮಾಡಿದ್ದೆ."

"ಸುಮ್ನ ಮಾಡೂದಿದ್ರ ನಿಮ್ಮವ್ವಗ ಮಾಡಪಾ. ಆಕಿ ಕೂಡ ಮಾತಾಡಿ ಎಷ್ಟ ದಿನ ಆತು?"

ಆ ಕಡೆಯವನು ಫೋನು ಇಟ್ಟುಬಿಟ್ಟ. ಪದ್ಮಜಾ ಅಕ್ಕೋರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಮತ್ತೊಂದು ಫೋನು ಬಂತು. ರಸ್ತೆ ಬದಿಯ ಹಳ್ಳಿಯ ಹೆಂಗಸೊಬ್ಬಳು ಗದಗಿಗೆ ಮೆಣಸಿನಕಾಯಿ ಚೀಲ ಹಾಕಬೇಕೆಂದಳು. "ಗಾಡ್ಯಾಗ ಸಣ್ಣ ಕೂಸ ಐತಿ ತಂಗಿ, ಘಾಟಿಗೆ ಸೀನ್ತೈತಿ, ಬ್ಯಾಡ" ಎಂದು ದೇವವ್ವ ಕತ್ತರಿಸಿದಂತೆ ಹೇಳಿದಳು. ಬಾಬಣ್ಣ ತಡೆಯಲಾರದೆ, "ಮ್ಯಾಲ ಕಟ್ಟತೀನಿ ಅನ್ರಿ, ಮ್ಯಾಲ ಕಟ್ಟಿದ್ರ ಯಾವ ಘಾಟು" ಎಂದು ಪಿಸುಗುಟ್ಟಿದ. "ನೀವು ರಸ್ತಾ ನೋಡ್ರಿ" ಎಂದಳು ದೇವವ್ವ.

ಇನ್ನೊಬ್ಬನಂತೂ ಹೆಂಡತಿ ಜಗಳಾಡಿ ತವರಿಗೆ ಹೋದ ಕಥೆಯನ್ನು ಬಾಬಣ್ಣನಿಗೆ ದಿನಾ ಒಂದಿಷ್ಟು ಹೇಳುತ್ತಿದ್ದವನು. ಅಂದಿನ ಪಾಲನ್ನು ಅವನು ಬೀಗತಿಗೇ ಹೇಳಿದ. ಅಷ್ಟು ಹೊತ್ತು ಫೋನನ್ನು ಕಿವಿಗೆ ಹಿಡಿದು ದೇವವ್ವನ ಕೈ ಸೋತಿತು. ಹಿಂದೆ ಕುಳಿತವನೊಬ್ಬನಿಂದ ಲೌಡ್ ಸ್ಪೀಕರ್ ಹಾಕಿಸಿಕೊಂಡಳು. ಇನ್ನೇನು ಬೇಕು! ಗಾಡಿಗೆ ಗಾಡಿಯೇ ಆ ಬಡಪಾಯಿಯ ಸಂಸಾರಕ್ಕೆ ಕಿವಿಗೊಟ್ಟಿತು. "ನೀ ಬಡದೇನ ಆಕಿನ್ನ? ಖರೆ ಹೇಳು" ಎಂದಳು ದೇವವ್ವ. "ಇಲ್ರಿ, ಬರೇ ಬೈದೆ." "ಏನಂತ ಬೈದಿ?" ಅವನು ಬೈಗುಳ ಹೇಳಿದ. ಗಾಡಿಯೆಲ್ಲ ಛೇ ಛೇ ಎಂದಿತು. "ಹಂಗ ಬೈದ್ರ ನಾನೂ ತವರಿಗೆ ಹೋಗ್ತಿದ್ದೆ. ಇವತ್ತ ಹೋಗಿ ಕಾಲ ಹಿಡಕೊಂಡ ಕರಕೊಂಡ ಬಾ" ಎಂದು ತೀರ್ಪು ಕೊಟ್ಟಳು.

ಬಾಬಣ್ಣ ಒಂದೊಂದು ಮಾತನ್ನೂ ಕೇಳುತ್ತ ಗೇರು ಬದಲಿಸಿದ. ಅವರೆಲ್ಲ ತನ್ನ ಮಂದಿ. ಇಷ್ಟು ವರ್ಷ ತಾನು ಗಳಿಸಿದ ಮಂದಿ! ಬೀಗತಿ ಒಂದೇ ಮುಂಜಾನೆಯಲ್ಲಿ ಎಲ್ಲರನ್ನೂ ಒಳಗೆ ಹಾಕಿಕೊಂಡಳಲ್ಲ? ಆದರೂ ಅವನು ಫೋನು ಮುಟ್ಟಲಿಲ್ಲ. ಎರಡೂ ಕೈಗಳಿಂದ ಸ್ಟೇರಿಂಗನ್ನು ಕೊರಳು ಹಿಚುಕುವಂತೆ ಹಿಡಿದುಕೊಂಡು, ಮೇಘಾ ಮೇಘಾ ಎಂದು ಒಳಗೇ ಅಂದುಕೊಳ್ಳುತ್ತ ಹೊಡೆದ. ಡಂಬಳ ಹಿಂದೆ ಬಿತ್ತು. ಕಪ್ಪತಗುಡ್ಡದ ಗಾಳಿಯಂತ್ರಗಳು ಒಂದೊಂದಾಗಿ ಹಿಂದೆ ಸರಿದವು. ಇನ್ನೇನು ಗೆದ್ದೆ ಎಂದುಕೊಂಡ.

ಮುಂದೆ ಒಂದು ಸಣ್ಣ ಇಳುಕಲು. ಕೆಳಗೆ ಎಡಬದಿಗೆ ಅರ್ಧ ರಸ್ತೆಯವರೆಗೆ ಗೋವಿನಜೋಳ ಒಣಹಾಕಿದ್ದರು. ಬಾಬಣ್ಣ ಅದನ್ನು ನೋಡಿದ. ಬ್ರೇಕಿನ ಮೇಲೆ ಕಾಲಿಟ್ಟು ಇನ್ನೇನು ಒತ್ತಬೇಕು, ಅಷ್ಟರಲ್ಲಿ ಫೋನು ಒದರಿತು. ದೇವವ್ವ ಒತ್ತಿದ್ದೇ ತಡ, ಲಕ್ಷ್ಮೀದೇವಿಯ ಧ್ವನಿ ಗಾಡಿಯೆಲ್ಲ ತುಂಬಿತು. ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ ಬೆಳೆದ ಧ್ವನಿ ಅದು.

"ರೀ! ಎಳಿ ಹರದಾವ್ರೀ! ಒಂದ ಮಗ್ಗಲಿಗೆ ಹರಕೊಂತ ಹೊಂಟಾವ್ರೀ!"

ನೇಯುವವನಿಗೆ ಈ ಮಾತು ಕಿವಿಗೆ ಬಿದ್ದ ಮೇಲೆ ಬುದ್ಧಿಯನ್ನು ಕೇಳಿ ಮಾಡುವ ಕೆಲಸ ಏನೂ ಉಳಿಯುವುದಿಲ್ಲ. ಎಳೆ ಹರಿದರೆ ಮೊದಲು ತುಳಿಯುವುದನ್ನು ಬಿಡಬೇಕು. ಇನ್ನೊಮ್ಮೆ ತುಳಿದರೆ ಹಾಸಿನ ಉದ್ದ ನೂಲುಗಳಲ್ಲಿ ಮತ್ತಷ್ಟು ಎಳೆ ಹೋದವೆಂದೇ ಲೆಕ್ಕ. ಎರಡೂ ಕಾಲು ಮೇಲೆತ್ತಿ, ಮುಂದೆ ಬಗ್ಗಿ, ಹರಿದ ತುದಿ ಎಲ್ಲಿದೆ ಎಂದು ಕಣ್ಣಿಟ್ಟು ಹುಡುಕಬೇಕು. ಬಾಬಣ್ಣ ಅದನ್ನೇ ಮಾಡಿದ. ಎರಡೂ ಕಾಲುಗಳನ್ನು ಬ್ರೇಕು ಕ್ಲಚ್ಚುಗಳಿಂದ ಮೇಲೆತ್ತಿ, ಮುಂದಿನ ಗಾಜಿಗೆ ಮೂಗು ತಾಗುವಂತೆ ಬಗ್ಗಿ, ಗದಗ ರಸ್ತೆಯ ಮೇಲೆ ಹರಿದ ಎಳೆ ಹುಡುಕತೊಡಗಿದ.

ಗಾಡಿ ಇಳುಕಲಿನಲ್ಲಿ ತನ್ನ ಪಾಡಿಗೆ ತಾನು ಇಳಿದು, ಸುತ್ತಲೂ ಇಟ್ಟ ಕಲ್ಲು ಹಾರಿ, ಗೋವಿನಜೋಳದ ರಾಶಿಯೊಳಗೆ ಗುರ್ ಎಂದು ನುಗ್ಗಿ, ಎರಡು ಸಲ ಕೆಮ್ಮಿ ನಿಂತಿತು. ಕಾಳು ಗಾಜಿನ ಮೇಲೆಲ್ಲ ಸಿಡಿದವು. ಹಿಂದಿನವರು ಒಬ್ಬರ ಮೇಲೊಬ್ಬರು ಬಿದ್ದು "ಅಯ್ಯಯ್ಯೋ ಯಪ್ಪಾ" ಎಂದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಮಡಿಲಿನ ಫೋನಿನಲ್ಲಿ ಲಕ್ಷ್ಮೀದೇವಿ ಮಾತ್ರ, "ಕೇಳಾಕತ್ತೀರೋ ಇಲ್ಲೋ? ಗಂಟ ಹಾಕ್ಲೋ, ನೀವ ಬರೂ ತನಕ ಬಿಡ್ಲೋ?" ಎಂದು ಕೂಗುತ್ತಲೇ ಇದ್ದಳು.

"ಬ್ರೇಕ್ ಯಾಕ ಹಾಕಲಿಲ್ಲ ಬಾಬಣ್ಣ?" ಪದ್ಮಜಾ ಅಕ್ಕೋರು ಎದ್ದು ಕುಳಿತು ಕೇಳಿದರು.

"ಎಳಿ ಹರದಿದ್ವಲ್ರಿ ಅಕ್ಕೋರ! ಹರದಾಗ ತುಳೀತಾರೇನ್ರಿ ಯಾರರ?" ಎಂದ ಬಾಬಣ್ಣ. ಅವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತ್ತು.

ಅಕ್ಕೋರಿಗೆ ಏನೇನೂ ತಿಳಿಯಲಿಲ್ಲ. ದೇವವ್ವನಿಗೆ ಮಾತ್ರ ತಿಳಿಯಿತು. ಅವಳ ಎರಡು ಕಾಲೂ ಸೀಟಿನ ಮೇಲೆ ಬಂದಿದ್ದವು. ಅವಳೂ ಮುಂದೆ ಬಗ್ಗಿ ಕುಳಿತಿದ್ದಳು. ಮಗ್ಗ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಆ ಮಾತು ಕೇಳಿ ಅವಳ ಕಾಲೂ ಎದ್ದಿದ್ದವು. ಅವಳು ಮೆಲ್ಲಗೆ ಕಾಲು ಕೆಳಗಿಟ್ಟು ಸೀರೆ ಸರಿಮಾಡಿಕೊಂಡಳು.

ಅಷ್ಟರಲ್ಲಿ ಜೋಳದ ಒಡತಿ ದ್ಯಾಮವ್ವ ಎಂಬ ಮುದುಕಿ ಕೈಯಲ್ಲಿ ಕೋಲು ಹಿಡಿದು ಹೊಲದ ಕಡೆಯಿಂದ ಓಡಿಬಂದಳು. ಬಂದವಳೇ ಬಾಬಣ್ಣನ ಮನೆತನವನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಬೈದಳು. ಬಾಬಣ್ಣ ಇಳಿದು ಕೈ ಮುಗಿದ. "ಎಲ್ಲಾ ಬಳದು ಕೊಡ್ತೇನಿ ಯವ್ವಾ, ಒಂದ ಕಾಳ ಬಿಡಂಗಿಲ್ಲ."

"ಕಾಳ ಹಾಳಾಗಿ ಹೋಗ್ಲಿ, ನನ್ನ ಕೌದಿ ನೋಡೋ ಮೂಳಾ! ನಿನ್ನಿ ಒಗದಿದ್ದೆ!" ಎಂದು ದ್ಯಾಮವ್ವ ಕೋಲಿನಿಂದ ತೋರಿಸಿದಳು.

ಬಾಬಣ್ಣ ನೋಡಿದ. ರಾಶಿಯ ಬದಿಗೆ ಹಳೆ ಬಟ್ಟೆ ಹೊಲಿದು ಮಾಡಿದ ಕೌದಿ ಹಾಸಿತ್ತು. ತಲೆ ಇಡುವ ಕಡೆಗೆ ಸಣ್ಣದೊಂದು ಬಟ್ಟೆಯ ಗಂಟು. ಗಾಡಿಯ ಮುಂದಿನ ಗಾಲಿ ಆ ಗಂಟಿನ ಮೇಲೆ ನಿಂತಿತ್ತು.

"ಇಲ್ಲಿ ಯಾರ ಮಲಗಿದ್ರು?" ಎಂದ. ಧ್ವನಿ ತನ್ನದೇ ಎಂದು ಅವನಿಗೆ ಅನಿಸಲಿಲ್ಲ.

"ಯಾರ ಮಲಗ್ತಾರೋ, ನಾನ ಮಲಗಿದ್ದೆ. ನೀರ ಕುಡದ ಬರೂದ್ರಾಗ ಹಿಂಗ ಮಾಡಿಟ್ಟಿಯಲ್ಲ!"

ದ್ಯಾಮವ್ವ ಇನ್ನೂ ಕೌದಿಯ ಚಿಂತೆಯಲ್ಲೇ ಇದ್ದಳು. ಬಾಬಣ್ಣ ಅಲ್ಲೇ ಕಾಳಿನ ಮೇಲೆ ಕುಸಿದು ಕುಳಿತ. ಅವನ ಕೈ ಫೋನು ಮುಟ್ಟಿರಲಿಲ್ಲ. ಕಣ್ಣು ರಸ್ತೆಯ ಮೇಲೇ ಇತ್ತು. ಆದರೂ ಅವನು ಅಲ್ಲಿರಲಿಲ್ಲ, ಬೆಟಗೇರಿಯ ಕುಣಿಯಲ್ಲಿ ಹೋಗಿ ಕುಳಿತಿದ್ದ. ಇಷ್ಟು ವರ್ಷವೂ ಹೀಗೇ ಇದ್ದೆನೇ? ಡಂಬಳದವನು ಕೇಳಿದಾಗ ಡಂಬಳದಲ್ಲಿ, ಹೆಂಡತಿ ಕೂಗಿದಾಗ ಮನೆಯಲ್ಲಿ. ಗಾಡಿಯಲ್ಲಿ ಯಾರಿದ್ದರು ಹಾಗಾದರೆ? ನಾಲ್ಕು ಕೆಲಸ ಒಮ್ಮೆಲೇ ಮಾಡುವ ಮೈಯ ಬಗ್ಗೆ ಅವನು ಆಮೇಲೆ ಎಂದೂ ಮಾತಾಡಲಿಲ್ಲ.

ಗಾಡಿಯ ಮಂದಿಯೆಲ್ಲ ಇಳಿದು ಜೋಳ ಬಳಿದರು. ಪದ್ಮಜಾ ಅಕ್ಕೋರೂ ಸೆರಗು ಕಟ್ಟಿ ಬಳಿದರು. ದೇವವ್ವ ಕೌದಿ ಝಾಡಿಸಿ ಮಡಿಚಿಕೊಟ್ಟು, ದ್ಯಾಮವ್ವನ ಕೈ ಹಿಡಿದುಕೊಂಡಳು. ಗದಗ ಮುಟ್ಟಿ, ಮಂದಿಯನ್ನು ಇಳಿಸಿ, ಬೀಗ ಬೀಗತಿಯರು ತಿರುಗಿ ಮುಂಡರಗಿಗೆ ಹೊರಟರು. ಫೋನು ಮಡಿಲಲ್ಲಿ ಒದರಿ ಒದರಿ ಸುಮ್ಮನಾಯಿತು. ದೇವವ್ವ ಅದನ್ನು ಎತ್ತಲಿಲ್ಲ.

ಮನೆ ಮುಟ್ಟಿದ ಮೇಲೆ ಬಾಬಣ್ಣ ಒಳಗೆ ಹೋಗದೆ ಅಂಗಳದಲ್ಲೇ ನಿಂತ. "ಬೀಗತ್ಯಾರ, ಮೇಘಾನ್ನ ಶಫೀಕನ ಗಾಡ್ಯಾಗ ಕಳಸ್ರಿ. ನಾನ ಅವಗ ಹೇಳ್ತೇನಿ."

"ಯಾಕ್ರಿ? ನೀವು ಫೋನ ಮುಟ್ಟಲಿಲ್ಲಲ. ಗೆದ್ರಿ."

"ಕೌದಿ ನೋಡಿದ್ರಲ್ರಿ."

ದೇವವ್ವ ಕಟ್ಟೆಯ ಮೇಲೆ ಕುಳಿತಳು. "ನೋಡಿದೆ. ಎತ್ತಿದಾಕಿ ನಾನು, ಕೇಳಿಸಿದಾಕಿ ನಾನು. ನಾ ಹಿಡ್ಕೊಂಡ್ರ ಆತು ಅಂತ ತಿಳಕೊಂಡಿದ್ದೆ. ಯಾರ ಕೈಯಾಗ ಇದ್ರೇನ್ರಿ, ಅದು ಒದರಬಾರದು." ಸೆರಗು ಸರಿಮಾಡಿಕೊಂಡು ಅಂದಳು, "ಮೇಘಾ ನಿಮ್ಮ ಗಾಡ್ಯಾಗ ಹೋಗ್ತಾಳ. ನಿನ್ನಿ ತನಕ ನಿಮಗ ಅಂಜಿಕಿ ಇರಲಿಲ್ಲ, ಅದಕ್ಕ ನನಗ ಇತ್ತು. ಈಗ ನಿಮಗ ಬಂದೈತಿ. ಅಂಜಿದವ್ರ ಕೈಯಾಗ ಸೊಸಿನ್ನ ಕೊಡ್ತೇನಿ. ಆದ್ರ ಫೋನು ಬಂದ್ ಇರಬೇಕು."

ಬಾಬಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಬೆವರು ಎಂದ.

ಒಳ್ಳೆಯ ದಿನ ನೋಡಿ, ಹುಣ್ಣಿಮೆ ಮುಗಿದ ಮರುದಿನ ಅವನು ಗಾಡಿ ತೊಳೆದು, ಸೀಟಿಗೆ ದಿಂಬು ಹಾಕಿಕೊಂಡು ಒಬ್ಬನೇ ಮುಂಡರಗಿಗೆ ಬಂದ. ಲಕ್ಷ್ಮೀದೇವಿಗೆ ಮನೆಯಲ್ಲಿ ಬಾಣಂತಿ ಕೋಣೆಗೆ ಸುಣ್ಣ ಬಳಿಸುವ ಗಡಿಬಿಡಿ; ಫೋನು ಬಂದ್ ಇಡುವ ಮಾತನ್ನು ಅವಳಿಗೆ ಯಾರೂ ಹೇಳಿರಲೇ ಇಲ್ಲ. ಹೊರಡುವ ಹೊತ್ತಿಗೆ ಒಂದು ಹೊಸ ತೊಡಕು ಎದುರಾಯಿತು. ಫೋನು ಬಂದ್ ಮಾಡುವುದು ಹೇಗೆಂದು ಬಾಬಣ್ಣನಿಗೆ ಗೊತ್ತಿರಲಿಲ್ಲ. ತಂದ ದಿನದಿಂದ ಅದು ಒಮ್ಮೆಯೂ ಬಂದ್ ಆಗಿರಲಿಲ್ಲ. ಅಳಿಯ ಬದಿಯ ಗುಂಡಿ ಒತ್ತಿ ಹಿಡಿದ. ಫೋನು ಸಣ್ಣಗೊಂದು ರಾಗ ಹಾಡಿ ಕಣ್ಣು ಮುಚ್ಚಿತು. "ಹೋತೇನೋ?" ಎಂದ ಬಾಬಣ್ಣ, ಮನೆಯವರನ್ನೇ ಕಳೆದುಕೊಂಡವನ ಹಾಗೆ. ದೇವವ್ವ ಮೇಘಾಳ ಕಡೆಗೂ ಕೈ ಚಾಚಿದಳು. "ನಿಂದೂ ಬಂದ್ ಮಾಡವಾ. ಇಲ್ಲಂದ್ರ 'ಅಪ್ಪಾ, ಅವ್ವ ಕೇಳಾಕತ್ತಾಳ' ಅಂತ ಶುರು ಮಾಡ್ತಿ."

ಗಾಡಿ ಹೊರಟಿತು. ಮೊದಲು ಬಾಬಣ್ಣನಿಗೆ ಕಿವಿ ಕೆಟ್ಟಿತೆಂದೇ ಅನಿಸಿತು, ಅಷ್ಟು ಸುಮ್ಮನೆ. ಆಮೇಲೆ ಒಂದೊಂದೇ ಕೇಳಿಸತೊಡಗಿತು. ಎಂಜಿನ್ನಿನಲ್ಲಿ ಏನೋ ಕಟಕಟ ಎನ್ನುತ್ತಿತ್ತು; ಎಂದಿನಿಂದಲೋ ಏನೋ. ಮಗಳ ಬಳೆಗಳ ಸದ್ದು ಕೇಳಿಸಿತು, ಅವಳ ಮಾತು ಕೇಳಿಸಿತು, ಅವನೂ ಮಾತಿಗೆ ಮಾತು ಸೇರಿಸಿದ. ಗುಂಡಿ ಬಂದಲ್ಲೆಲ್ಲ ಎತ್ತಿನ ಗಾಡಿಗಿಂತ ಮೆಲ್ಲಗೆ ಇಳಿಸಿ ಹತ್ತಿಸಿದ. ಸೈಕಲ್ಲಿನವನೊಬ್ಬ ಹಿಂದೆ ಹಾಕಿ ಹೋದಾಗಲೂ ಬೇಜಾರು ಮಾಡಿಕೊಳ್ಳಲಿಲ್ಲ.

"ಯಪ್ಪಾ, ನಿನ್ನ ಜೋಡಿ ಇಷ್ಟ ದೂರ ಮಾತಾಡ್ಕೊಂತ ಬಂದದ್ದು ಇದ ಮೊದಲು" ಎಂದಳು ಮೇಘಾ. ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಮೂಗು ಮಾತ್ರ ಒಮ್ಮೆ ಸೊರ್ ಎಂದು ಏರಿಸಿದ. ಸ್ವಲ್ಪ ಹೊತ್ತಿಗೆ ಅವಳು ನಿದ್ದೆ ಹೋದಳು. ಅಪ್ಪನ ಗಾಡಿಯಲ್ಲಿ ಮಗಳು ಕಣ್ಣು ಮುಚ್ಚಿದ್ದು ಅಂಜಿಕೆಯಿಂದಲ್ಲ ಎಂದು ತಿಳಿದು ಅವನು ಇನ್ನೂ ಮೆಲ್ಲಗೆ ಹೊಡೆದ.

ಇತ್ತ ರಸ್ತೆಯ ಮೇಲೆ ಏನಾಯಿತು ಕೇಳಿ. ಯಾರೋ ಫೋನು ಮಾಡಿದರು, ಬಂದ್. ಇನ್ಯಾರೋ ಮಾಡಿದರು, ಬಂದ್. ಬಾಬಣ್ಣನ ಫೋನು ಬಂದ್! ಡಂಬಳದ ಹೋಟೆಲಿನಲ್ಲಿ ಅವನ ಗಾಡಿಗೆ ಏನೋ ಆಗಿದೆ ಎಂದರು. ಅದು ಮುಂದಿನ ಊರಿಗೆ ಬರುವ ಹೊತ್ತಿಗೆ ಲಾರಿಯೊಂದು ಸೇರಿಕೊಂಡಿತು. ಗದಗಿನ ಸ್ಟ್ಯಾಂಡಿಗೆ ಬಂದಾಗ ಗಾಡಿ ಕೆರೆಯಲ್ಲಿ ಬಿದ್ದಿತ್ತು. ಬೆಟಗೇರಿ ಮುಟ್ಟುವಾಗ, ಬಿದ್ದ ಗಾಡಿಯನ್ನು ಹಗ್ಗ ಹಾಕಿ ಎಳೆಯುವುದನ್ನು ಕಣ್ಣಾರೆ ನೋಡಿದವರೂ ಸಿಕ್ಕರು.

ಬಾಬಣ್ಣ ಓಣಿಗೆ ಗಾಡಿ ತಿರುಗಿಸಿದಾಗ ಅವನ ಮನೆಯ ಮುಂದೆ ಜನವೋ ಜನ. ಲಕ್ಷ್ಮೀದೇವಿ ಕೈತುಂಬ ಸುಣ್ಣ ಮೆತ್ತಿಕೊಂಡು ಹೊಸ್ತಿಲಲ್ಲಿ ಕುಳಿತು ಎದೆ ಬಡಿದುಕೊಳ್ಳುತ್ತಿದ್ದಳು. ಶಫೀಕ ಹುಡುಕಲು ಹೋಗಲೆಂದು ತನ್ನ ಗಾಡಿ ಚಾಲೂ ಮಾಡಿ, "ವೈನಿ, ಅಳಬ್ಯಾಡ್ರಿ, ನಾ ನೋಡ್ಕೊಂಡ ಬರ್ತೀನಿ" ಎನ್ನುತ್ತ ತಾನೇ ಅಳುತ್ತಿದ್ದ. ಗಾಡಿ ಬಂದು ನಿಂತಿತು. ಬಾಬಣ್ಣ ಇಳಿದ. ಮೇಘಾ ಕಣ್ಣುಜ್ಜುತ್ತ ಬಾಗಿಲು ತೆರೆದಳು. ಓಣಿಯೆಲ್ಲ ಗಾಡಿಯ ಸುತ್ತ ನೆರೆಯಿತು.

ಲಕ್ಷ್ಮೀದೇವಿ ಎದ್ದಳು. ಮೊದಲು ಮಗಳ ಮುಖ, ಹೊಟ್ಟೆ, ಕೈಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಗಂಡನ ಹತ್ತಿರ ಬಂದು ಸುಣ್ಣದ ಕೈಯಿಂದಲೇ ಅವನ ಎದೆಗೆ ಗುದ್ದಿದಳು. "ಫೋನ ಯಾಕ ಎತ್ತಲಿಲ್ರೀ? ಯಾಕ ಎತ್ತಲಿಲ್ಲಾ? ಇಲ್ಲಿ ನನ್ನ ಜೀವ ಹೋಗಿತ್ತು!" ಎಂದು ಗುದ್ದುತ್ತ ಗುದ್ದುತ್ತ ಅವನ ಹೆಗಲಿಗೇ ಬಿದ್ದು ಅತ್ತಳು. ಹೊಸ ಅಂಗಿಯ ಮೇಲೆ ಬೆರಳು ಬೆರಳಾಗಿ ಸುಣ್ಣ ಮೂಡಿತು. ಅವನು ಸುಮ್ಮನೆ ಗುದ್ದಿಸಿಕೊಂಡ.

ಮಗಳಿಗೆ ದೃಷ್ಟಿ ತೆಗೆದು ಒಳಗೆ ಕರೆದುಕೊಂಡ ಮೇಲೆ ಬಾಬಣ್ಣ ಪಡಸಾಲೆಯಲ್ಲಿ ಕುಳಿತು, ಶಫೀಕನಿಂದ ಫೋನು ಚಾಲೂ ಮಾಡಿಸಿದ. ಅದು ಕಣ್ಣು ಬಿಟ್ಟಿದ್ದೇ ತಡ, ಒದರಿತು. ದೇವವ್ವ.

"ಎಷ್ಟ ಹೊತ್ತಿನಿಂದ ಮಾಡಾಕತ್ತೀನ್ರಿ! ಒಮ್ಮೆರ ಫೋನ ಎತ್ತಬಾರದೇನ್ರಿ? ಕೂತಲ್ಲೆ ಕೂಡಾಕಾಗವಲ್ದು, ಒಂದ ತುತ್ತ ಉಂಡಿಲ್ಲ ನಾ!"

"ನೀವ ಬಂದ್ ಮಾಡಸಿದ್ರಲ್ರಿ ಬೀಗತ್ಯಾರ!"

"ಖರೆ ಐತಿ. ಆದ್ರೂ ಜೀವ ತಡೀಲಿಲ್ರಿ." ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಮೇಘಾ?"

"ಒಳಗ ಆಕಿ ಅವ್ವನ ಮಗ್ಗಲಕ್ಕ ಮಲಗ್ಯಾಳ್ರಿ. ಫೋನ ಎತ್ತಲಿಲ್ಲ ಅಂತನ ಮಲಗ್ಯಾಳ" ಎಂದ ಬಾಬಣ್ಣ.

ದೇವವ್ವ, "ಆತು. ಇನ್ನ ಸಮಾಧಾನಲೆ ಹೇಳ್ರಿ, ದಾರ್ಯಾಗ ಹೆಂಗ ಬಂದ್ರಿ? ಗಾಡಿ ನಿಂತೈತಲ್ಲ?" ಎಂದಳು.

ಬಾಬಣ್ಣ ಎದ್ದು ಕಿಟಕಿಯಲ್ಲಿ ಬಗ್ಗಿ ನೋಡಿದ. "ನಿಂತೈತ್ರಿ" ಎಂದು ಹೇಳಿ, ಗೋಡೆಗೆ ಆತು ಕುಳಿತು ಮಾತಾಡತೊಡಗಿದ.